ಬೆಣ್ಣೆಕೈಗೆ ಬಂದ ಬೊಬ್ಬೆ

ಹಿತ್ತಲ ಗಿಡ ಮದ್ದಲ್ಲ; ಪಕ್ಕದ ಮನೆಯವರ ಹಿತ್ತಲ ಗಿಡವಾದರೆ ಬೇಡವೆಂದರೂ ಬಿಡುವುದಿಲ್ಲ. ಈ ಗಾದೆಯ ಮೊದಲರ್ಧ ಹಿರಿಯರು ಹೇಳಿದ್ದು. ಎರಡನೆಯರ್ಧ, ಕೈ ಸುಟ್ಟುಕೊಂಡು ನೆರೆಹೊರೆಯವರ ಕೈಗೆ ಸಿಕ್ಕಿದ ಒಬ್ಬ ಬಡಪಾಯಿಯ ಅನುಭವದಿಂದ ಹುಟ್ಟಿದ್ದು. ವೇದ ಸುಳ್ಳಾದರೂ ಗಾದೆ ಸುಳ್ಳಾಗದಂತೆ; ತಿರುಚಿದ ಗಾದೆಯಂತೂ ಸುಳ್ಳಾಗುವ ಮಾತೇ ಇಲ್ಲ. ಆದ್ದರಿಂದ ಇದು ನಡೆದ ಕತೆ. ಇದಕ್ಕೆ ಬಣ್ಣ ಬಳಿದಿಲ್ಲ. ಬಳಿದದ್ದೆಲ್ಲ ಆ ಕೈಗೆ.

ಆ ಬಡಪಾಯಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಬೆಣ್ಣೆಕೈ ಎಂದು ಕರೆಯುತ್ತಿದ್ದರು. ಕಾರ್ಖಾನೆಯೆಂದರೆ ದೊಡ್ಡದೇನಲ್ಲ. ಕೆಳಗೆ ಮುಲಾಮು ಕುದಿಸುವ ಕೋಣೆ, ಅದರ ಪಕ್ಕ ಉಗ್ರಾಣ, ಮೇಲೆ ಯಜಮಾನರ ಕೋಣೆ. ಅಲ್ಲಿ ತಯಾರಾಗುತ್ತಿದ್ದದ್ದು ‘ಉರಿಶಾಂತಿ’ ಎಂಬ ಸುಟ್ಟಗಾಯದ ಮುಲಾಮು. ಹನ್ನೊಂದು ಗಿಡಮೂಲಿಕೆಗಳಿಂದ ಮಾಡಿದ್ದು ಎಂದು ಡಬ್ಬಿಯ ಮೇಲೆ ಅಚ್ಚಾಗಿತ್ತು. ಕುದಿಸುವವರು ಲೆಕ್ಕ ಹಾಕಿದಾಗಲೆಲ್ಲ ಏಳೇ ಸಿಗುತ್ತಿದ್ದವು. ಉಳಿದ ನಾಲ್ಕು ಮುದ್ರಣದ ಮನೆಯಲ್ಲಿ ಬೆಳೆದವು.

ಬೆಣ್ಣೆಕೈ ಹದಿನಾರು ವರ್ಷದಿಂದ ಆ ಬಿಸಿ ಕೋಣೆಯಲ್ಲಿ ಕುಳಿತು ಡಬ್ಬಿಗೆ ಮುಲಾಮು ತುಂಬಿ, ಅಂಚಿಗೆ ಮೆತ್ತಿದ್ದನ್ನು ಬೆರಳಿನಿಂದ ಒರೆಸುತ್ತಿದ್ದ. ದಿನವಿಡೀ ಜಿಡ್ಡಿನಲ್ಲಿ ಅದ್ದಿದ ಕೈಗಳು ಎಳೆಮಗುವಿನ ಕೆನ್ನೆಯಂತಾಗಿದ್ದವು. ಮುಖ ಮಾತ್ರ ವಯಸ್ಸಿಗೆ ಹತ್ತು ವರ್ಷ ಮುಂದೆ ಓಡಿತ್ತು. ಕೈಯನ್ನಷ್ಟೇ ನೋಡಿದವರು ‘ಯಾವ ಕಾಲೇಜು?’ ಎಂದು ಕೇಳಬೇಕು, ಮುಖ ನೋಡಿದವರು ‘ಎಷ್ಟು ಮೊಮ್ಮಕ್ಕಳು?’ ಎಂದು ಕೇಳಬೇಕು. ಅವನಿಗಿದ್ದ ಇನ್ನೊಂದು ವಿಶೇಷವೆಂದರೆ, ನಗು ಬಂದರೆ ಬಲಗೈಯಿಂದ ತೊಡೆಯನ್ನು ಪಟಪಟ ಬಡಿದುಕೊಳ್ಳುತ್ತಿದ್ದ. ಹದಿನಾರು ವರ್ಷದಲ್ಲಿ ನಗು ಬಂದದ್ದು ಕಡಿಮೆಯಾದ್ದರಿಂದ ತೊಡೆಗೆ ಹಾನಿಯಾಗಿರಲಿಲ್ಲ.

ಕೈ ಸುಟ್ಟುಕೊಳ್ಳುವ ಒಂದು ವಾರ ಮೊದಲು ಇಂಟರ್‌ಕಾಮ್ ಗುರ್ ಎಂದಿತ್ತು. ಅವನು ಎತ್ತಿದ. ಆ ಕಡೆಯಿಂದ ಮೊದಲು ಒಂದು ಒಣಕೆಮ್ಮು, ಆಮೇಲೆ ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವ ದನಿ. ಯಜಮಾನರದು.

“ಹುಂ... ನೋಡಪ್ಪಾ. ಡಬ್ಬಿ ಮೇಲೆ ಹೊಸ ಫೋಟೋ ಹಾಕಿಸ್ತಿದೀನಿ. ಎರಡು ಕೈ. ಒಂದು ‘ಮೊದಲು’, ಸುಟ್ಟಿರೋದು. ಇನ್ನೊಂದು ‘ಆಮೇಲೆ’, ವಾಸಿಯಾಗಿರೋದು. ‘ಆಮೇಲೆ’ ಕೈ ನಿಂದು. ಮುಂದಿನ ಸೋಮವಾರ ನಾಲ್ಕು ಗಂಟೆಗೆ ಮೇಲೆ ಬಾ. ಆಮೇಲೆ ಆ ಕೆಳಗಿನ ಬೇಗೆಯಲ್ಲಿ ನೀನು ಕೂರೋದು ಬೇಡ. ನನ್ನ ಕೋಣೆಯಲ್ಲೇ, ನನ್ನ ಎದುರಿಗೇ, ಫ್ಯಾನಿನ ಕೆಳಗೆ ನಿಂಗೊಂದು ಕುರ್ಚಿ. ಗೊತ್ತಾಯ್ತಾ? ಯಾರಿಗೂ ಹೇಳಬೇಡ.”

ಬೆಣ್ಣೆಕೈ ಯಾರಿಗೂ ಹೇಳಲಿಲ್ಲ. ಹೆಂಡತಿ, ಅತ್ತೆ, ಎದುರುಮನೆಯ ನಿವೃತ್ತ ಮೇಷ್ಟ್ರು, ಮಹಡಿಯ ಮನೆಯೊಡತಿ, ಕಾರ್ಖಾನೆಯ ನಾಲ್ಕು ಜನ, ಬಸ್ಸಿನಲ್ಲಿ ಪಕ್ಕ ಕೂತವರು, ಇಷ್ಟು ಮಂದಿಯನ್ನು ಬಿಟ್ಟರೆ ಬೇರೆ ಯಾರಿಗೂ ಹೇಳಲಿಲ್ಲ. ಕುರ್ಚಿ ಅವನ ಕನಸಿನಲ್ಲಿ ಬರತೊಡಗಿತು. ಫ್ಯಾನು ಅದರ ತಲೆಯ ಮೇಲೆ ಪ್ರಭಾವಳಿಯಂತೆ ತಿರುಗುತ್ತಿತ್ತು.

ಆ ವಾರವೆಲ್ಲ ಅವನು ಬಲಗೈಯನ್ನು ಮನೆಗೆ ಬಂದ ಬೀಗರಂತೆ ನೋಡಿಕೊಂಡ. ಅದು ಬಕೆಟ್ ಎತ್ತಲಿಲ್ಲ, ಪಾತ್ರೆ ಮುಟ್ಟಲಿಲ್ಲ, ಬಾಗಿಲ ಚಿಲಕ ಹಾಕಲಿಲ್ಲ. ಮಲಗುವಾಗ ಅದಕ್ಕೊಂದು ಕಾಲುಚೀಲ ತೊಡಿಸುತ್ತಿದ್ದ.

“ಮಗು ಸಾಕೋವಾಗ ಇಷ್ಟು ಕಾಳಜಿ ಕಾಣಲಿಲ್ಲ,” ಎಂದಳು ಹೆಂಡತಿ. “ಆ ಕೈಗೆ ನನ್ನ ಕೈಲಿ ತುತ್ತು ಬೇರೆ ತಿನ್ನಿಸ್ಬೇಕೇನೋ.”

“ಮಗೂನ ಡಬ್ಬಿ ಮೇಲೆ ಹಾಕಲ್ಲ ಕಣೇ,” ಎಂದ ಬೆಣ್ಣೆಕೈ.

ಸೋಮವಾರ ಬೆಳಗಾಯಿತು. ಫೋಟೋದಲ್ಲಿ ಬರುವುದು ಬರೀ ಕೈ, ಹೆಚ್ಚೆಂದರೆ ಒಂದು ಗೇಣು ತೋಳು. ಹೀಗಿರುವಾಗ ಇಡೀ ಅಂಗಿಗೆ ಇಸ್ತ್ರಿ ಮಾಡುವುದು ಕರೆಂಟಿಗೆ ಮಾಡುವ ದ್ರೋಹವೆಂದು ಅವನು ಬಲದೋಳಿನ ತುದಿಗೆ ಮಾತ್ರ ಇಸ್ತ್ರಿ ಹಾಕಿದ. ಅಂಗಿ ತೊಟ್ಟು, ಗುಂಡಿ ಹಾಕಿ ನೋಡುತ್ತಾನೆ, ತುದಿಯಲ್ಲಿ ಒಂದು ಸುಕ್ಕು. ಅಂಗಿ ಬಿಚ್ಚಿ ಮತ್ತೆ ಇಸ್ತ್ರಿ ಮಾಡಿ ಮತ್ತೆ ತೊಟ್ಟರೆ ಮತ್ತೆ ಸುಕ್ಕು ಬೀಳುತ್ತದೆ. ತೊಟ್ಟುಕೊಂಡೇ ಇಸ್ತ್ರಿ ಮಾಡಿದರೆ? ಈ ಯೋಚನೆ ಹೊಳೆದಾಗ ಅವನಿಗೆ ತನ್ನ ಬುದ್ಧಿಯ ಬಗ್ಗೆ ಅಪಾರ ಗೌರವ ಬಂತು. ಕೈಯನ್ನು ಮೇಜಿನ ಮೇಲಿಟ್ಟು, ಎಡಗೈಯಲ್ಲಿ ಇಸ್ತ್ರಿಪೆಟ್ಟಿಗೆ ಹಿಡಿದು, ತೋಳಿನ ಮೇಲಿಂದ ಕೆಳಕ್ಕೆ ಒಮ್ಮೆ ಜಾರಿಸಿದ. ಪೆಟ್ಟಿಗೆ ಚೆನ್ನಾಗಿ ಜಾರಿತು. ಅಂಗಿ ಮುಗಿದ ಮೇಲೂ ಜಾರಿತು.

ಅವನು ಹಾಕಿದ ಕೂಗಿಗೆ ಮಹಡಿಯ ಮೇಲಿನ ಪಾರಿವಾಳಗಳು ಎದ್ದು ಹೋದವು, ಬೀದಿಯ ಜನ ಎದ್ದು ಬಂದರು.

ಮುಂಗೈಯ ಮೇಲೆ ಪೆಟ್ಟಿಗೆಯ ಮೂತಿಯ ಆಕಾರದಲ್ಲಿ, ಬಾಟಲಿ ಮುಚ್ಚಳದಷ್ಟು ಅಗಲಕ್ಕೆ ಚರ್ಮ ಕೆಂಪಾಗಿತ್ತು. ನಡುವೆ ಒಂದು ಬೊಬ್ಬೆ ನಿಧಾನವಾಗಿ, ಯಾರ ಅಪ್ಪಣೆಯನ್ನೂ ಕೇಳದೆ ಎದ್ದು ಕೂರುತ್ತಿತ್ತು. ಹೆಂಡತಿ ಅವನನ್ನು ದರದರ ಎಳೆದುಕೊಂಡು ಹೋಗಿ ಕೈಯನ್ನು ನಲ್ಲಿಯ ಕೆಳಗೆ ಹಿಡಿಸಿದಳು.

“ಇಪ್ಪತ್ತು ನಿಮಿಷ. ಅಲ್ಲಾಡಬೇಡಿ. ಏನೂ ಹಚ್ಚಬೇಡಿ. ತಣ್ಣೀರು ಅಷ್ಟೇ.”

ತಣ್ಣೀರು ಬಿದ್ದ ಕೂಡಲೇ ಉರಿ ಅರ್ಧ ಇಳಿಯಿತು. ಇದಕ್ಕಿಂತ ಒಳ್ಳೆಯ ಚಿಕಿತ್ಸೆ ಆ ದಿನವೆಲ್ಲ ಅವನಿಗೆ ಸಿಗಲಿಲ್ಲ. ಆದರೆ ನೀರಿಗೆ ಬೆಲೆಯಿಲ್ಲ, ಅದನ್ನು ಹೇಳಿದವಳು ಹೆಂಡತಿ. ಇಂಥ ಎರಡು ದೋಷವಿರುವ ಔಷಧವನ್ನು ಯಾವ ಗಂಡಸು ನಂಬುತ್ತಾನೆ?

“ತಣ್ಣೀರಂತೆ, ತಣ್ಣೀರು,” ಎನ್ನುತ್ತ ಅತ್ತೆ ಅಡುಗೆಮನೆಯಿಂದ ಬಂದರು. ಕೈಯಲ್ಲಿ ತುರಿದ ಆಲೂಗಡ್ಡೆ. “ಅಳಿಯಂದಿರೇ, ಇತ್ತ ಹಿಡೀರಿ. ನಮ್ಮಜ್ಜಿ ಕಾಲದಿಂದ ಸುಟ್ಟ ಗಾಯಕ್ಕೆ ಇದೇ. ಗಾಯ ಆಗಿತ್ತು ಅನ್ನೋದೇ ಗೊತ್ತಾಗಲ್ಲ.”

“ನಾಲ್ಕು ಗಂಟೆ ಒಳಗೆ ಗೊತ್ತಾಗದ ಹಾಗೆ ಆಗುತ್ತಾ ಅತ್ತೆ?”

“ಮೂರೂವರೆಗೇ ಆಗುತ್ತೆ.”

ನಾಲ್ಕನೆಯ ನಿಮಿಷಕ್ಕೇ ನಲ್ಲಿ ನಿಂತಿತು. ಆಲೂಗಡ್ಡೆ ಕೈಯೇರಿತು. ಅದರ ಮೇಲೊಂದು ಬಟ್ಟೆ ಸುತ್ತುವಷ್ಟರಲ್ಲಿ ಎದುರುಮನೆಯ ಮೇಷ್ಟ್ರು ಚಪ್ಪಲಿ ಕಳಚದೆಯೇ ಒಳಗೆ ಬಂದಿದ್ದರು. ಮೂವತ್ತು ವರ್ಷ ಪಾಠ ಹೇಳಿ, ಕೇಳುವವರಿಲ್ಲದ ನಿವೃತ್ತಿಯಲ್ಲಿ ಒಣಗುತ್ತಿದ್ದ ಜೀವ ಅದು. ಸುಟ್ಟ ಕೈ ನೋಡಿ ಅವರ ಮುಖ ಅರಳಿತು.

“ಆಲೂಗಡ್ಡೇನ? ಯಾರು ಹೇಳಿದ್ದು? ತರಕಾರಿ ಇರೋದು ತಿನ್ನೋಕೆ. ಗಾಯಕ್ಕೆ ಜೇನುತುಪ್ಪ. ಯಾಕೆ ಅಂತ ಹೇಳು ನೋಡೋಣ?”

“ಗೊತ್ತಿಲ್ಲ ಮೇಷ್ಟ್ರೇ.”

“ಹಿಂದಿನ ಬೆಂಚಲ್ಲಿ ಕೂತಿದ್ದವರ ಹಾಗೆ ಮಾತಾಡಬೇಡ. ಜೇನು ಕೆಡಲ್ಲ. ತಾನೇ ಕೆಡದೇ ಇರೋದು ಗಾಯ ಕೆಡೋಕೆ ಬಿಡುತ್ತಾ?”

ಅತ್ತೆಯ ಮೂಗು ಕೆಂಪಾಯಿತು. “ನಮ್ಮ ಆಲೂಗಡ್ಡೆ ತೆಗೆಯೋ ಹಾಗಿಲ್ಲ ಮೇಷ್ಟ್ರೇ.”

“ತೆಗೆಯೋದು ಬೇಡಮ್ಮ. ಅದರ ಮೇಲೇ ಹಾಕೋಣ. ವಾದ ಯಾಕೆ?”

ಜೇನು ಆಲೂಗಡ್ಡೆಯ ಮೇಲೆ ಕೂತಿತು. ಇನ್ನೇನು ಹೊರಡಬೇಕು, ಮೆಟ್ಟಿಲ ಮೇಲೆ ಮನೆಯೊಡತಿ. ಕುಂಡದಲ್ಲಿ ಬೆಳೆಸಿದ ಲೋಳೆಸರದ ಒಂದು ಎಲೆಯನ್ನೂ ಯಾರಿಗೂ ಕೊಡದ ಆ ಹೆಂಗಸು, ಇಂದು ಮೊಳದುದ್ದದ ಎಲೆ ಮುರಿದು ತಂದಿದ್ದರು. “ನನ್ನ ಗಿಡದ ಎಲೆ. ಬೇಡ ಅಂದ್ರೆ ಬೇಜಾರಾಗುತ್ತೆ,” ಎಂದರು. ಮನೆಯೊಡತಿಗೆ ಬೇಜಾರಾದರೆ ಏನಾಗುತ್ತದೆಂದು ಬಾಡಿಗೆದಾರರಿಗೆಲ್ಲ ಗೊತ್ತು. ಲೋಳೆ ಜೇನಿನ ಮೇಲೆ ಇಳಿಯಿತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

“ಉಪ್ಪು, ಮೆಣಸು ಒಂದು ಬಾಕಿ,” ಎಂದಷ್ಟೇ ಹೇಳಿ ಒಳಗೆ ಹೋದಳು.

ಬಸ್ಸಿನಲ್ಲಿ ಅವನ ಸುತ್ತ ಮೂರು ಸೀಟು ಖಾಲಿ ಉಳಿದವು, ಎರಡು ನೊಣ ಮಾತ್ರ ಕಾರ್ಖಾನೆಯವರೆಗೂ ಟಿಕೆಟಿಲ್ಲದೆ ಬಂದವು.

ಕೈಯನ್ನು ಬಟ್ಟೆಯ ಚೀಲದೊಳಗೆ ಅಡಗಿಸಿಕೊಂಡು ಒಳಗೆ ಬಂದವನನ್ನು ಮೊದಲು ನೋಡಿದ್ದು ಲೇಬಲ್ ಅಕ್ಕ. ಡಬ್ಬಿಗೆ ಲೇಬಲ್ ಅಂಟಿಸುವ ಆಕೆಗೆ ಅಂಟದೆ ಇರುವ ವಿಷಯ ಜಗತ್ತಿನಲ್ಲಿ ಇರಲಿಲ್ಲ.

“ಚೀಲದಲ್ಲಿ ಏನೋ ತಮ್ಮ? ಕೈ ಎಲ್ಲಿ?”

“ಚೀಲದಲ್ಲೇ ಇದೆ ಅಕ್ಕ.”

ಚೀಲ ತೆಗೆಸಿದಳು. ಕಡಾಯಿಯ ಮುಂದಿದ್ದ ಮಾಮ ಸೌಟು ಹಿಡಿದೇ ಬಂದರು. ಇವರು ಮುಲಾಮು ಕುದಿಸುವ ಮುಖ್ಯಸ್ಥರು, ಎಲ್ಲರಿಗೂ ಕಡಾಯಿ ಮಾಮ. ಉಗ್ರಾಣದ ಮೂಟೆಗಳ ಹಿಂದಿನಿಂದ ಕಣ್ಣುಜ್ಜಿಕೊಳ್ಳುತ್ತ ಬಂದವನು ಸ್ಟೋರಿನವನು, ಗಿಳಿಯಣ್ಣ. ಬೆಣ್ಣೆಕೈ ಇಸ್ತ್ರಿಪೆಟ್ಟಿಗೆಯ ಕತೆ ಹೇಳಿ, ಬಟ್ಟೆ ಬಿಚ್ಚಿ ತೋರಿಸಿದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಯಾಕೆಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗಿಳಿಯಣ್ಣನಿಗೆ ಆ ಹೆಸರು ಬಂದದ್ದು ಅವನ ನಾಲಿಗೆಯಿಂದ. ಯಾರ ದನಿಯನ್ನು ಒಮ್ಮೆ ಕೇಳಿದರೂ ಯಥಾವತ್ತು ಒಪ್ಪಿಸುತ್ತಿದ್ದ. ಲಾರಿ ಹಿಂದಕ್ಕೆ ಬರುವ ಸದ್ದು ಮಾಡಿ ಕಾವಲುಗಾರನನ್ನು ಎಷ್ಟೋ ಸಲ ಗೇಟಿಗೆ ಓಡಿಸಿದ್ದ. ಯಜಮಾನರ ಒಣಕೆಮ್ಮು, ಮೂಗಿನ ದನಿಯಂತೂ ಅವನ ಪ್ರಧಾನ ಪ್ರದರ್ಶನ. ಹಿಂದಿನ ವಾರ ಉಗ್ರಾಣದ ಇಂಟರ್‌ಕಾಮಿನಿಂದ ಮಾತಾಡಿದ್ದು ಅವನೇ. ಫೋಟೋ ಇಲ್ಲ, ಫ್ಯಾನಿಲ್ಲ, ಕುರ್ಚಿಯಿಲ್ಲ. ಪಕ್ಕದಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡಿದ್ದು ಲೇಬಲ್ ಅಕ್ಕ, ‘ಫ್ಯಾನೂ ಸೇರಿಸು’ ಎಂದು ಸನ್ನೆ ಮಾಡಿದ್ದು ಕಡಾಯಿ ಮಾಮ. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ಗುಟ್ಟು ಬಿಡಿಸಿ ಒಟ್ಟಿಗೆ ನಗುವುದೆಂದು ಮಾತಾಗಿತ್ತು.

ನಗೋಣವೆಂದರೆ ಈಗ ಬೊಬ್ಬೆ ಎದ್ದು ಕೂತಿದೆ. ಇಲ್ಲದ ಫೋಟೋಗಾಗಿ ಕೈ ಸುಟ್ಟುಕೊಂಡವನಿಗೆ ‘ಅದು ತಮಾಷೆ ಕಣೋ’ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳುವ ಧೈರ್ಯ ಮೂವರಿಗೂ ಇರಲಿಲ್ಲ. ಧೈರ್ಯವಿಲ್ಲದವರು ಮಾಡುವುದನ್ನೇ ಅವರೂ ಮಾಡಿದರು: ಉಪಚಾರ.

“ಅಯ್ಯೋ ನನ್ನ ತಮ್ಮ,” ಎಂದು ಲೇಬಲ್ ಅಕ್ಕ ಗೇಟಿನ ಬಳಿಯ ಚೆಂಡುಹೂವಿನ ಗಿಡದಿಂದ ಒಂದು ಹಿಡಿ ಎಲೆ ಕಿತ್ತು ಅಂಗೈಯಲ್ಲೇ ಹಿಂಡಿದಳು. “ಇದರ ರಸ ಬಿದ್ರೆ ಉರಿ ಎಲ್ಲಿ ಅಂತ ಹುಡುಕಬೇಕು.”

“ರಸ ಸಾಲದು,” ಎಂದರು ಕಡಾಯಿ ಮಾಮ. “ಕೊಬ್ಬರಿ ಎಣ್ಣೆ, ಅರಿಶಿನ. ದಪ್ಪಗೆ ಮೆತ್ತಬೇಕು. ಮಗಾ, ನಾನು ದಿನಾ ಬೆಂಕಿ ಮುಂದೆ ನಿಲ್ಲೋನು. ನಂಗೆ ಗೊತ್ತಿಲ್ವಾ?”

ಗಿಳಿಯಣ್ಣನ ತಪ್ಪು ದೊಡ್ಡದಾದ್ದರಿಂದ ಅವನ ಉಪಚಾರವೂ ದೊಡ್ಡದಾಗಬೇಕಿತ್ತು. ತನ್ನ ಫ್ಲಾಸ್ಕಿನಲ್ಲಿ ಉಳಿದಿದ್ದ ಚಹಾದ ಚರಟವನ್ನೆಲ್ಲ ಬಸಿದು ತಂದ. “ತಣ್ಣಗಿರೋ ಚಹಾಸೊಪ್ಪು ಉರೀನ ಹೀರಿಬಿಡುತ್ತಂತೆ ಬೆಣ್ಣೆ. ಸಕ್ಕರೆ ಹಾಕಿಲ್ಲ, ನೀನು ಯೋಚನೆ ಮಾಡಬೇಡ.”

ಹನ್ನೆರಡು ಗಂಟೆಯ ಹೊತ್ತಿಗೆ ಆ ಕೈ, ಅಂಗಡಿ ಮುಚ್ಚುವಾಗ ತರಕಾರಿಯವಳು ಗುಡಿಸಿ ಮೂಲೆಗೆ ತಳ್ಳಿದ ರಾಶಿಯಂತೆ ಕಾಣುತ್ತಿತ್ತು. ಬೆಳಗ್ಗೆ ಬರೀ ಉರಿಯುತ್ತಿತ್ತು. ಈಗ ಉರಿಯುವುದರ ಜೊತೆಗೆ ಕಡಿಯುತ್ತಿತ್ತು, ಎಳೆಯುತ್ತಿತ್ತು, ತೊಟ್ಟಿಕ್ಕುತ್ತಲೂ ಇತ್ತು. ಬೆಣ್ಣೆಕೈಗೆ ಆಗ ಒಂದು ಯೋಚನೆ ಬಂತು. ಸಹಜವಾದ, ಸರಳವಾದ, ಆ ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಯಾರಿಗೂ ಬಾರದಿದ್ದ ಯೋಚನೆ. ಪಕ್ಕದಲ್ಲಿ ಗೋಪುರದಂತೆ ಪೇರಿಸಿಟ್ಟ ಉರಿಶಾಂತಿ ಡಬ್ಬಿಗಳಲ್ಲಿ ಒಂದನ್ನು ಎತ್ತಿ ಮುಚ್ಚಳ ತಿರುಗಿಸಿದ.

ಮೂರು ಕೈಗಳು ಒಟ್ಟಿಗೆ ಅವನ ಮೇಲೆ ಬಿದ್ದವು.

“ಹುಚ್ಚು ಹಿಡಿದಿದ್ಯೇನೋ?” ಎಂದಳು ಲೇಬಲ್ ಅಕ್ಕ.

“ಕೆಳಗಿಡು ಮಗಾ, ಕೆಳಗಿಡು,” ಎಂದರು ಕಡಾಯಿ ಮಾಮ, ಬಾವಿಕಟ್ಟೆಯ ಮೇಲೆ ಹತ್ತಿದ ಕೂಸನ್ನು ಕರೆಯುವ ದನಿಯಲ್ಲಿ. “ಅದನ್ನ ಮಾಡೋನು ನಾನು. ನನ್ನ ಮಾತು ಕೇಳು.”

“ಅದರ ಸಾಮಾನು ತರಿಸೋನು ನಾನು,” ಎಂದ ಗಿಳಿಯಣ್ಣ. “ನನ್ನ ಮಾತೂ ಕೇಳು.”

“ಹಾಗಾದ್ರೆ ಜನ ಹಚ್ಕೊಳ್ತಾರಲ್ಲ?”

“ಅವರಿಗೆ ನಮ್ಮ ಪರಿಚಯ ಇಲ್ವಲ್ಲ.”

ಡಬ್ಬಿ ಗೋಪುರಕ್ಕೆ ಮರಳಿತು. ಹಿತ್ತಲ ಗಿಡದ ಗಾದೆ ಹೇಳಿದವರು ಇಂಥದೇ ಯಾವುದೋ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಿರಬೇಕು.

ಊಟದ ಹೊತ್ತು ಬಂತು, ಹೋಯಿತು. ಗುಟ್ಟು ಬಿಡಿಸುವವರು ಯಾರೂ ಇಲ್ಲ. ‘ನೀನು ಹೇಳು’ ಎಂದು ಅಕ್ಕ ಗಿಳಿಗೆ ಕಣ್ಣು ಮಾಡಿದಳು, ಗಿಳಿ ಮಾಮನಿಗೆ ಮಾಡಿದ, ಮಾಮ ಕಡಾಯಿಗೆ ಮಾಡಿದರು. ಬೆಣ್ಣೆಕೈ ಮಾತ್ರ ಐದೈದು ನಿಮಿಷಕ್ಕೆ ಪದರು ಎತ್ತಿ ಇಣುಕುತ್ತಿದ್ದ.

“ಅಕ್ಕ, ‘ಆಮೇಲೆ’ ಥರ ಕಾಣ್ತಿದೆಯಾ?”

“ಆಮೇಲೆ ಕಾಣುತ್ತೆ ಬಿಡು.”

“ಹದಿನಾರು ವರ್ಷ ಅಕ್ಕ. ಹದಿನಾರು ವರ್ಷ ಈ ಕಡಾಯಿ ಮುಂದೆ ಬೆಂದಿದೀನಿ. ನನ್ನ ಮೂತಿಗೆ ಯಾರೂ ಫ್ಯಾನ್ ಹಾಕಲ್ಲ. ಆ ಕುರ್ಚಿ ಬಂದಿದ್ದೇ ಈ ಕೈಯಿಂದ. ಇದನ್ನೇ ಇವತ್ತು ಸುಟ್ಕೊಂಡು ಬಂದೆ ನೋಡು.”

ಅವನು ಅತ್ತಿದ್ದರೆ ಅವರು ತಡೆದುಕೊಳ್ಳುತ್ತಿದ್ದರೇನೋ. ಅವನು ಅಳಲಿಲ್ಲ, ಮೂಗಿನ ತುದಿಗೆ ಬಂದ ನೊಣವನ್ನು ಊದಿ ಓಡಿಸಿದ. ಗಿಳಿಯಣ್ಣ ಎದ್ದು ಉಗ್ರಾಣಕ್ಕೆ ಹೋದ. ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ತಾನು ಹೆಣೆದದ್ದನ್ನು ತಾನೇ ಬಿಚ್ಚುವುದು ಅವನ ಉಪಾಯ. ಇಂಟರ್‌ಕಾಮ್ ಗುರ್ ಎಂದಿತು. ಬೆಣ್ಣೆಕೈ ಎಡಗೈಯಲ್ಲಿ ಎತ್ತಿದ.

ಒಣಕೆಮ್ಮು. “ಹುಂ... ನೋಡಪ್ಪಾ. ಇವತ್ತಿನ ಫೋಟೋ ರದ್ದು. ನೀನು ಮೇಲೆ ಬರೋದು ಬೇಡ. ಮನೆಗೆ ಹೋಗಿ ಮಲಗು. ಗೊತ್ತಾಯ್ತಾ?”

ಬೆಣ್ಣೆಕೈಯ ಮುಖ ಬಿಳುಚಿತು. “ಸರ್, ಕೈ ಸುಟ್ಟಿದ್ದು ನಿಮಗೆ ಗೊತ್ತಾಗಿ ಹೋಯ್ತಾ ಸರ್? ತಪ್ಪಾಯ್ತು ಸರ್. ಫೋನಲ್ಲಿ ಹೇಳೋ ಮಾತಲ್ಲ. ನಾನೇ ಬಂದು ಕಾಲಿಗೆ ಬೀಳ್ತೀನಿ.”

“ಬರಬೇಡ ಅಂದೆನಲ್ಲಪ್ಪಾ.”

“ನೀವು ದೊಡ್ಡವರು ಸರ್. ನೀವು ಹಾಗೇ ಅಂತೀರಿ. ಬಂದೆ.”

ಉಗ್ರಾಣದಿಂದ ಗಿಳಿಯಣ್ಣ ಓಡಿ ಬರುವಷ್ಟರಲ್ಲಿ ಅವನು ಮೆಟ್ಟಿಲು ಹತ್ತಿಯಾಗಿತ್ತು. ಹೋದ ದಾರಿಯಲ್ಲಿ ಎರಡು ಚೂರು ಆಲೂಗಡ್ಡೆ ಬಿದ್ದಿತ್ತು.

ಯಜಮಾನರ ಬಗ್ಗೆ ಒಂದು ಮಾತು. ಅವರಿಗೆ ಮರೆವು ಬಹಳ, ಆದರೆ ಮರೆತಿದ್ದೇನೆ ಎಂದು ಒಪ್ಪಿಕೊಂಡದ್ದು ಜನ್ಮದಲ್ಲಿಲ್ಲ. ಏನು ಕೇಳಿದರೂ ‘ಹೌದು, ನಾನೇ ಹೇಳಿದ್ದೆ’ ಎನ್ನುವುದು ಅಭ್ಯಾಸ. ಹೋದ ವರ್ಷ ಗಿಳಿಯಣ್ಣ ಬೇಕೆಂದೇ ಮೂರು ತಿಂಗಳು ಮೊದಲೇ ಅವರಿಗೆ ಮದುವೆಯ ವಾರ್ಷಿಕೋತ್ಸವದ ಶುಭಾಶಯ ಹೇಳಿಸಿದ್ದ. ‘ನೆನಪಿದೆ, ನೆನಪಿದೆ’ ಎನ್ನುತ್ತ ಅವರು ಹೂವಿನ ಗುಚ್ಛ ಹಿಡಿದು ಮನೆಗೆ ಹೋಗಿದ್ದರು. ಇವರು ಏನೋ ದೊಡ್ಡ ತಪ್ಪು ಮಾಡಿಕೊಂಡೇ ಹೂ ತಂದಿದ್ದಾರೆಂದು ಹೆಂಡತಿ ನಾಲ್ಕು ದಿನ ಮಾತು ಬಿಟ್ಟಿದ್ದರಂತೆ.

ಬೆಣ್ಣೆಕೈ ಬಾಗಿಲು ತಟ್ಟಿ ಒಳಗೆ ಹೋಗಿ, “ಸರ್, ಫೋಟೋ ವಿಷಯ,” ಎಂದ.

ಯಜಮಾನರು ಮೇಜಿನಿಂದ ತಲೆಯೆತ್ತಿದರು. ಯಾವ ಫೋಟೋ ಎಂದು ಅವರ ಹುಬ್ಬು ಕೇಳಿತು. ಬಾಯಿ ಕೇಳಲಿಲ್ಲ.

“ಹುಂ... ನೋಡಪ್ಪಾ. ಫೋಟೋ. ಹೌದು, ನಾನೇ ಹೇಳಿದ್ದೆ.”

“ಈಗ ರದ್ದು ಅಂದ್ರಿ ಸರ್.”

“ರದ್ದು ಅಂತಾನೂ ನಾನೇ ಹೇಳಿದ್ದೆ.”

“ಯಾಕೆ ಅಂತ ಗೊತ್ತು ಸರ್.”

“ಯಾಕೆ ಅಂತ ನೀನೇ ಹೇಳು ನೋಡೋಣ,” ಎಂದರು ಯಜಮಾನರು, ಬಹಳ ಜಾಣತನದಿಂದ.

ಬೆಣ್ಣೆಕೈ ಚೀಲ ಸರಿಸಿ, ಚಹಾಸೊಪ್ಪು, ಅರಿಶಿನ, ಚೆಂಡುಹೂವಿನೆಲೆ, ಲೋಳೆ, ಜೇನು, ಆಲೂಗಡ್ಡೆಗಳನ್ನು ಒಂದೊಂದೇ ಪದರು ಒರೆಸಿ, ಅಡಿಯಲ್ಲಿದ್ದ ಬೊಬ್ಬೆಯನ್ನು ತೋರಿಸಿದ. ಹಳೆಯ ಊರೊಂದನ್ನು ಅಗೆದು ತೆಗೆದಂತಿತ್ತು. ಹಿಂದಿನ ಸೋಮವಾರ ಇಂಟರ್‌ಕಾಮಿನಲ್ಲಿ ಬಂದ ಮಾತನ್ನೂ, ‘ಮೊದಲು’, ‘ಆಮೇಲೆ’ಗಳನ್ನೂ, ಕುರ್ಚಿಯನ್ನೂ ಒಂದೇ ಉಸಿರಿನಲ್ಲಿ ನೆನಪಿಸಿ ಕ್ಷಮೆ ಕೇಳಿದ.

ಯಜಮಾನರು ಕನ್ನಡಕ ಹಾಕಿಕೊಂಡು ಎದ್ದು ಬಂದರು. ಮೂವತ್ತು ವರ್ಷ ಸುಟ್ಟಗಾಯದ ಮುಲಾಮು ಮಾರಿದವರು ಸುಟ್ಟಗಾಯವನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅವರ ಕಣ್ಣು ತುಂಬಿ ಬಂತು.

“ಎಂಥಾ ಗಾಯ,” ಎಂದರು. “ಎಷ್ಟು ಚೆನ್ನಾಗಿದೆ. ಈಗಿನ ಡಬ್ಬಿ ಮೇಲೆ ಆ ಚಿತ್ರದವನು ಬರೆದಿರೋದು ಗಾಯವೋ ಚಟ್ನಿ ಚೆಲ್ಲಿದ್ದೋ ಗೊತ್ತಾಗಲ್ಲ. ನೋಡಪ್ಪಾ, ಫೋಟೋ ರದ್ದಿಲ್ಲ. ನೀನು ‘ಮೊದಲು’. ಫೋಟೋದವನು ಗುರುವಾರ ಬರ್ತಾನೆ. ನಾನೇ ಹೇಳಿದ್ದೆನಲ್ಲ.”

“ಸರ್, ಕುರ್ಚಿ?”

“ಕುರ್ಚಿ ಯಾರಿಗೆ ಅಂತ ಹೇಳಿದ್ದೆ?”

ಇಲ್ಲಿ ಬೆಣ್ಣೆಕೈ ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳುವ ಜಾಣತನವಿದ್ದವನು ಅಂಗಿ ತೊಟ್ಟುಕೊಂಡು ಇಸ್ತ್ರಿ ಮಾಡುವುದಿಲ್ಲ.

“‘ಆಮೇಲೆ’ ಕೈಗೆ, ಸರ್.”

“ಹೌದು, ನಾನೇ ಹೇಳಿದ್ದೆ. ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಈಗ ‘ಆಮೇಲೆ’ ಕೈ ಯಾರದ್ದು ಮಾಡೋಣ? ಒಂದು ಗೀರಿಲ್ಲದ, ಒಂದು ಗಂಟಿಲ್ಲದ ಕೈ ನಮ್ಮಲ್ಲಿ ಯಾರಿಗಿದೆ?”

ಬೆಣ್ಣೆಕೈ ಪ್ರಾಮಾಣಿಕವಾಗಿ ಯೋಚಿಸಿದ. ಮಾಮನ ಕೈ ತುಂಬ ಎಣ್ಣೆಯ ಕಲೆ. ಅಕ್ಕನ ಬೆರಳೆಲ್ಲ ಅಂಟು ತಿಂದು ಸುಲಿದಿತ್ತು.

“ಸ್ಟೋರಿನವರದು ಸರ್. ಗಿಳಿಯಣ್ಣಂದು. ಕೆಲಸ ಮಾಡಿದ ಗುರುತೇ ಇಲ್ಲ.”

“ಅವನೇ ಸರಿ. ಇನ್ನೊಂದು ಮಾತು,” ಎಂದು ಯಜಮಾನರು ಅವನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಮೇಜಿನ ಖಾನೆ ಎಳೆದು ಏನನ್ನೋ ತೆಗೆದು ಅವನ ಎಡಗೈಯಲ್ಲಿಟ್ಟು ಬೆರಳು ಮಡಿಸಿದರು.

ಕೆಳಗೆ ಮೂವರು ಮೆಟ್ಟಿಲ ಬುಡದಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ನಿಂತಿದ್ದರು. ಬೆಣ್ಣೆಕೈ ಇಳಿದು ಬಂದ ಕೂಡಲೇ ಗಿಳಿಯಣ್ಣ ಅವನ ಭುಜ ಹಿಡಿದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನು ತನ್ನ ಸ್ವಂತ ದನಿಯಲ್ಲಿ ಮಾತಾಡಿದ. ಆ ದನಿ ಹೀಗಿದೆಯೆಂದು ಯಾರಿಗೂ ನೆನಪಿರಲಿಲ್ಲ.

“ಬೆಣ್ಣೆ, ನನ್ನ ಕ್ಷಮಿಸಿಬಿಡು. ಆ ಫೋನ್ ನಾನು ಮಾಡಿದ್ದು. ಆಗಿನದೂ ನಾನೇ, ಈಗಿನದೂ ನಾನೇ. ತಮಾಷೆಗೆ ಕಣೋ. ಫೋಟೋನೂ ಇರಲಿಲ್ಲ, ಕುರ್ಚೀನೂ ಇರಲಿಲ್ಲ.”

“ಫ್ಯಾನು ನಂದು,” ಎಂದು ಕಡಾಯಿ ಮಾಮ ತಲೆ ತಗ್ಗಿಸಿ ಒಪ್ಪಿಕೊಂಡರು.

ಬೆಣ್ಣೆಕೈ ಪಕ್ಕದ ಡ್ರಮ್ಮಿನ ಮೇಲೆ ಕುಳಿತ. “ಕುರ್ಚಿ ಇರಲಿಲ್ವಾ?” ಎಂದ.

“ಇರಲಿಲ್ಲ.”

“ಈಗ ಇದೆ. ನಿಂಗೇ ಅಂತೆ.”

ಗಿಳಿಯಣ್ಣನಿಗೆ ಅರ್ಥವಾಗುವ ಮೊದಲೇ ಇಂಟರ್‌ಕಾಮ್ ಗುರ್ ಎಂದಿತು. ಲೇಬಲ್ ಅಕ್ಕ ಎತ್ತಿ ಎಲ್ಲರಿಗೂ ಕೇಳುವಂತೆ ಹಿಡಿದಳು. ಒಣಕೆಮ್ಮು. ಮೂಗಿನ ದನಿ. ಮೂವರೂ ಅಭ್ಯಾಸಬಲದಿಂದ ಗಿಳಿಯಣ್ಣನ ತುಟಿ ನೋಡಿದರು. ತುಟಿ ಮುಚ್ಚಿತ್ತು.

“ಹುಂ... ನೋಡಪ್ಪಾ. ಸ್ಟೋರಿನವನು ನಾಳೆಯಿಂದ ಮೇಲೆ. ನನ್ನ ಕೋಣೆ, ನನ್ನ ಎದುರಿಗೇ ಕುರ್ಚಿ. ಒಂಬತ್ತರಿಂದ ಆರು. ಕೈ ಹಾಳಾಗದ ಹಾಗೆ ನಾನೇ ನೋಡ್ಕೋತೀನಿ. ಗೊತ್ತಾಯ್ತಾ?”

ಗಿಳಿಯಣ್ಣ ಗೋಡೆಗೆ ಒರಗಿದ. ಎರಡರಿಂದ ಮೂರರವರೆಗೆ ಮೂಟೆಗಳ ಹಿಂದೆ ಮಾಡುವ ನಿದ್ದೆ, ಲಾರಿಯ ಸದ್ದು, ಮೂಗಿನ ದನಿ, ಎಲ್ಲವೂ ಒಂದೊಂದಾಗಿ ಅವನ ಕಣ್ಣ ಮುಂದೆ ಹಾದು ಹೋದವು. ಇನ್ನು ದಿನಕ್ಕೆ ಒಂಬತ್ತು ಗಂಟೆ ಹೊತ್ತು ಆ ಒಣಕೆಮ್ಮನ್ನು ಕೇಳಬೇಕು, ಒಂದು ಸಲವೂ ಕೆಮ್ಮಿ ತೋರಿಸುವಂತಿಲ್ಲ.

“ನಿನ್ನ ಕೈಲಿ ಅದೇನೋ ತಮ್ಮ?” ಎಂದಳು ಲೇಬಲ್ ಅಕ್ಕ. ಅವಳ ಕಣ್ಣು ಬೆಣ್ಣೆಕೈಯ ಎಡಮುಷ್ಟಿಯ ಮೇಲಿತ್ತು.

ಬೆಣ್ಣೆಕೈ ಮುಷ್ಟಿ ಬಿಚ್ಚಿದ. ಒಳಗೆ ಉರಿಶಾಂತಿಯ ಒಂದು ಡಬ್ಬಿ.

“ಗುರುವಾರ ಫೋಟೋ ತೆಗೆಯೋವರೆಗೆ ಗಾಯ ವಾಸಿ ಆಗಬಾರದಂತೆ,” ಎಂದ ಅವನು. “ಅದಕ್ಕೆ ಸರ್ ಇದನ್ನ ಕೊಟ್ರು. ದಿನಕ್ಕೆ ಮೂರು ಸಲ ಹಚ್ಚು, ಏನೂ ಆಗಲ್ಲ ಅಂದ್ರು.”

ಕಡಾಯಿಯಲ್ಲಿ ಮುಲಾಮು ಒಂದು ಗುಳ್ಳೆ ಬಿಟ್ಟದ್ದು ಕೇಳಿಸಿತು. ಆಮೇಲೆ ಮೊದಲು ನಕ್ಕವರು ಕಡಾಯಿ ಮಾಮ. ಮೂವತ್ತು ವರ್ಷ ಆ ಸೌಟು ತಿರುವಿದವರಿಗೆ ಕೊನೆಗೂ ಯಜಮಾನರ ಬಾಯಿಂದಲೇ ಪ್ರಮಾಣಪತ್ರ ಸಿಕ್ಕಿತ್ತು. ಲೇಬಲ್ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಳು, ಸಾಲಲಿಲ್ಲ. ಗೋಡೆಗೆ ಒರಗಿದ್ದ ಗಿಳಿಯಣ್ಣನೂ ತನ್ನ ದುಃಖ ಮರೆತು ನಕ್ಕ.

ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಬೆಣ್ಣೆಕೈ. ಕೈ ಹೋಗಿತ್ತು, ಕುರ್ಚಿ ಹೋಗಿತ್ತು, ನಾಳೆಯೂ ಅದೇ ಕಡಾಯಿಯ ಮುಂದೆ ಅದೇ ಬೇಗೆ. ಅದೆಲ್ಲ ಒಟ್ಟಿಗೆ ಅವನ ಹೊಟ್ಟೆಯಲ್ಲಿ ಉಬ್ಬಿ ಬಂತು. ಡ್ರಮ್ಮಿನ ಮೇಲಿಂದ ಬೀಳುವಂತೆ ಬಾಗಿ ಬಾಗಿ ನಕ್ಕ. ಹದಿನಾರು ವರ್ಷದ ಬಾಕಿಯನ್ನೆಲ್ಲ ಒಂದೇ ಸಲ ನಕ್ಕ. ನಗುತ್ತ ನಗುತ್ತ ಹಳೆಯ ಅಭ್ಯಾಸದಂತೆ ಬಲಗೈ ಎತ್ತಿ ತೊಡೆಯನ್ನು ಪಟ್ಟೆಂದು ಬಡಿದುಕೊಂಡ.

ಆ ನಗು ಎಲ್ಲಿ ಮುಗಿದು ಕೂಗು ಎಲ್ಲಿ ಶುರುವಾಯಿತೆಂದು ಅಲ್ಲಿದ್ದವರು ಯಾರೂ ಇವತ್ತಿಗೂ ಹೇಳಲಾರರು.